ಊರ ಹೆಸರು ಶೈಲಿಯಾದ ಬಗೆ: ಬಿಯರ್ ವರ್ಗೀಕರಣದ ಒಂದು ಪ್ರಕರಣ ಅಧ್ಯಯನ

ಬೆಂಗಳೂರಿನಲ್ಲಿ 'ದಾವಣಗೆರೆ ಬೆಣ್ಣೆ ದೋಸೆ' ಎಂದು ಬೋರ್ಡು ಹಾಕಿಕೊಂಡ ಹೋಟೆಲುಗಳಿಗೆ ಲೆಕ್ಕವಿಲ್ಲ. ಕಾವಲಿಯ ಮುಂದೆ ನಿಂತವರು ದಾವಣಗೆರೆಯವರೇ ಆಗಿರಬೇಕೆಂದಿಲ್ಲ, ಬೆಣ್ಣೆಯೂ ಅಲ್ಲಿಂದಲೇ ಬಂದಿರಬೇಕೆಂದಿಲ್ಲ. ಆದರೂ ಹೊರಗೆ ಗರಿಗರಿ, ಒಳಗೆ ಮೆತ್ತಗೆ, ಪಕ್ಕದಲ್ಲಿ ಅರಿಸಿನ ಹಾಕದ ಆಲೂಗಡ್ಡೆ ಪಲ್ಯ, ತೆಳ್ಳನೆಯ ಕಾಯಿಚಟ್ನಿ ಬಂತೆಂದರೆ ನಾವು ಒಪ್ಪಿಕೊಂಡು ತಿನ್ನುತ್ತೇವೆ. ಹಾಗಾದರೆ ಆ ಬೋರ್ಡಿನ ಮೇಲಿರುವ 'ದಾವಣಗೆರೆ' ಒಂದು ಊರೋ, ದೋಸೆ ಮಾಡುವ ಒಂದು ಕ್ರಮವೋ?

ಬಿಯರಿನ ಇತಿಹಾಸದಲ್ಲಿ ಈ ಪ್ರಶ್ನೆ ನೂರಾರು ವರ್ಷ ಕಾಡಿದೆ. ಪಿಲ್ಸ್‌ನರ್ ಎಂದರೆ ಈಗಿನ ಚೆಕ್ ದೇಶದ ಪಿಲ್ಸೆನ್ ಊರಿನದು. ಕೋಲ್ಶ್ ಎಂದರೆ ಜರ್ಮನಿಯ ಕೊಲೋನಿನದು. ವಿಯೆನ್ನಾ, ಮ್ಯೂನಿಕ್, ಡಾರ್ಟ್‌ಮುಂಡ್, ಬರ್ಲಿನ್, ಎಲ್ಲವೂ ಮೊದಲು ಊರುಗಳು, ಆಮೇಲೆ ಬಾಟಲಿಯ ಮೇಲಿನ ಹೆಸರುಗಳು. ಈ ಗೋಜಲನ್ನು ಬಿಡಿಸಿ, ಇಂಥದ್ದು ಶೈಲಿ, ಇಂಥದ್ದು ಬರೀ ಹೋಲಿಕೆ ಎಂದು ಗೆರೆ ಎಳೆಯಲು 1977ರಲ್ಲಿ ಒಂದು ಪ್ರಯತ್ನ ನಡೆಯಿತು. ಇಂದು ಜಗತ್ತಿನ ಯಾವ ಮೂಲೆಯ ಬಿಯರ್ ಪಟ್ಟಿಯನ್ನು ನೋಡಿದರೂ ಆ ಗೆರೆಯ ಗುರುತು ಸಿಗುತ್ತದೆ. ಈ ಬರಹ ಆ ಒಂದು ಪ್ರಯತ್ನದ ಕುರಿತದ್ದು. ಅದಕ್ಕೆ ಮುಂಚಿನವುಗಳೂ ಬರುತ್ತವೆ, ಏಕೆಂದರೆ ಅವಿಲ್ಲದೆ ಇದು ಅರ್ಥವಾಗುವುದಿಲ್ಲ.

ಮುಳುಗುತ್ತಿದ್ದ ಕಾಲ

ಪುಸ್ತಕದ ಹೆಸರು 'ದಿ ವರ್ಲ್ಡ್ ಗೈಡ್ ಟು ಬಿಯರ್'. ಬರೆದವರು ಮೈಕೆಲ್ ಜಾಕ್ಸನ್. ಇವರು ಹಾಡುಗಾರರಲ್ಲ, 1942ರಲ್ಲಿ ಇಂಗ್ಲೆಂಡಿನ ಯಾರ್ಕ್‌ಷೈರಿನಲ್ಲಿ ಹುಟ್ಟಿದ ಪತ್ರಕರ್ತರು. ಹದಿನಾರಕ್ಕೇ ಶಾಲೆ ಬಿಟ್ಟು ಪತ್ರಿಕೆ ಸೇರಿದವರು. ಅವರಿಗೆ ಬಿಯರ್ ತಯಾರಿಕೆಯ ತರಬೇತಿ ಇರಲಿಲ್ಲ, ರಸಾಯನಶಾಸ್ತ್ರದ ಪದವಿಯೂ ಇರಲಿಲ್ಲ. ಊರೂರು ತಿರುಗಿ, ಕುಡಿದು, ಕೇಳಿ, ಬರೆದುಕೊಳ್ಳುವುದು ಅವರ ವಿಧಾನವಾಗಿತ್ತು.

ಆ ಹೊತ್ತಿಗೆ ಬಿಯರಿನ ವೈವಿಧ್ಯ ಕರಗುತ್ತಿತ್ತು. ಬ್ರಿಟನ್ನಿನಲ್ಲಿ ಸಣ್ಣ ಬ್ರೂವರಿಗಳನ್ನು (ಬಿಯರ್ ತಯಾರಿಸುವ ಕಾರ್ಖಾನೆಗಳನ್ನು) ಒಂದರ ಮೇಲೊಂದು ಕೊಂಡುಕೊಂಡ ಆರು ದೊಡ್ಡ ಕಂಪನಿಗಳ ಕೈಗೆ ಮಾರುಕಟ್ಟೆಯ ಬಹುಪಾಲು ಹೋಗಿತ್ತು. ಪೀಪಾಯಿಯಲ್ಲೇ ಹುದುಗಿ ಪಕ್ವವಾಗುವ ಸಾಂಪ್ರದಾಯಿಕ ಏಲ್ ಬಗೆಯ ಬಿಯರ್ ಉಳಿಸಿಕೊಳ್ಳಲು 1971ರಲ್ಲಿ ಅಲ್ಲಿನ ಕುಡಿಯುವವರೇ ಸೇರಿ 'ಕಾಮ್ರಾ' ಎಂಬ ಸಂಘಟನೆ ಕಟ್ಟಿದ್ದರು. ಅಮೆರಿಕದಲ್ಲಿ ಇಡೀ ದೇಶಕ್ಕೆ ನೂರರೊಳಗೆ ಬ್ರೂವರಿಗಳು ಉಳಿದಿದ್ದವು, ಬಹುತೇಕ ಎಲ್ಲರೂ ಒಂದೇ ತರಹದ ತಿಳಿ ಲಾಗರ್ ಬಿಯರ್ ಮಾಡುತ್ತಿದ್ದರು. ಬೆಲ್ಜಿಯಂನ ಹೂಗಾರ್ಡನ್ ಹಳ್ಳಿಯಲ್ಲಿ ಬಿಳಿ ಗೋಧಿ ಬಿಯರಿನ ಕಡೆಯ ಬ್ರೂವರಿ 1957ರಲ್ಲೇ ಬಾಗಿಲು ಹಾಕಿತ್ತು. ಹುಡುಗನಾಗಿದ್ದಾಗ ಆ ಬ್ರೂವರಿಯಲ್ಲಿ ಕೈಗೆಲಸ ಮಾಡಿದ್ದ ಹಾಲಿನ ವ್ಯಾಪಾರಿ ಪಿಯರ್ ಸೆಲಿಸ್, ಊರಿನವರು ಆ ರುಚಿಗಾಗಿ ಹಂಬಲಿಸುವುದನ್ನು ನೋಡಲಾರದೆ 1960ರ ದಶಕದ ನಡುವಿನಲ್ಲಿ ಅದನ್ನು ಮತ್ತೆ ಮಾಡಲು ಕೂತಿದ್ದರು.

ಇಂಥ ಕಾಲದಲ್ಲಿ ಪಟ್ಟಿ ಮಾಡುವವನಿಗೆ ಒಂದು ಆತುರ ಇರುತ್ತದೆ. ಅಜ್ಜಿ ಬದುಕಿರುವಾಗಲೇ ಅವಳ ಹಾಡುಗಳನ್ನು ಬರೆದುಕೊಳ್ಳಬೇಕೆಂಬ ಆತುರ ಅದು. ಜಾಕ್ಸನ್ ಅವರ ವರ್ಗೀಕರಣವನ್ನು ಓದುವಾಗ ನಾನು ಇದನ್ನು ಮರೆಯುವುದಿಲ್ಲ. ಅವರು ಸ್ಪರ್ಧೆಗೆ ನಿಯಮ ಬರೆಯಲು ಕೂತಿರಲಿಲ್ಲ. ಕಳೆದುಹೋಗುತ್ತಿದ್ದುದಕ್ಕೆ ಒಂದು ಹೆಸರು, ಒಂದು ವಿಳಾಸ ಕೊಡುತ್ತಿದ್ದರು.

ಮೂರು ವರ್ಗ, ಎರಡು ಮಾತು

ಅವರು ಹೇಳಿದ್ದು ಹೆಚ್ಚುಕಡಿಮೆ ಇಷ್ಟು. ಬಿಯರುಗಳು ಮೂರು ದೊಡ್ಡ ವರ್ಗಗಳಿಗೆ ಸೇರುತ್ತವೆ: ಯೀಸ್ಟ್ (ಹುದುಗು ಬರಿಸುವ ಸೂಕ್ಷ್ಮಜೀವಿ) ಮೇಲೆ ಬಂದು ಹುದುಗುವಂಥವು, ಗೋಧಿ ಬೆರೆಸಿ ಮಾಡಿದವು, ಯೀಸ್ಟ್ ತಳದಲ್ಲಿ ಕೂತು ಹುದುಗುವಂಥವು. ಗೋಧಿಯವೂ ಮೇಲೆ ಹುದುಗುವಂಥವೇ ಎಂದು ಅವರೇ ಕಂಸದಲ್ಲಿ ಸೇರಿಸುತ್ತಾರೆ. ಪ್ರತಿ ವರ್ಗದಲ್ಲೂ ಕೆಲವು ಮಾದರಿ ಬಿಯರುಗಳಿವೆ. ಅಂಥ ಮಾದರಿಯೊಂದನ್ನೇ ಮನಸ್ಸಿನಲ್ಲಿಟ್ಟುಕೊಂಡು, ಅದನ್ನೇ ಮತ್ತೆ ಮಾಡಬೇಕೆಂದು ಬ್ರೂವರ್ ಕೈಹಾಕಿದರೆ ಅವನು ಆ 'ಶೈಲಿ'ಯಲ್ಲಿ ಕೆಲಸ ಮಾಡುತ್ತಿದ್ದಾನೆ. ಅವನ ಬಿಯರ್ ಇತರ ಬಿಯರುಗಳನ್ನು ಸುಮ್ಮನೆ ಹೋಲುತ್ತಿದ್ದರೆ ಅದು ಆ 'ಬಗೆ'ಯದು, ಅಷ್ಟೆ. ಈ ಭೇದಗಳು ಎಂದೂ ಪೂರ್ಣವಾಗಲಾರವು ಎಂಬ ಮಾತನ್ನೂ ಅಲ್ಲೇ ಹೇಳಿಬಿಡುತ್ತಾರೆ.

ಈ ಮೇಲೆ, ಕೆಳಗೆ ಎಂಬುದನ್ನು ಹತ್ತಿರದಿಂದ ನೋಡಬೇಕು. ಬಾರ್ಲಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿದರೆ ಅದು ಮಾಲ್ಟ್. ಅದನ್ನು ಜಜ್ಜಿ ಬಿಸಿನೀರಿನಲ್ಲಿ ನೆನೆಸಿ ತೆಗೆದ ಸಿಹಿರಸಕ್ಕೆ ಹಾಪ್ಸ್ ಹೂವು ಹಾಕಿ ಕುದಿಸಿ, ಆರಿಸಿ, ಯೀಸ್ಟ್ ಬಿಡುತ್ತಾರೆ. ಏಲ್ ಯೀಸ್ಟಿಗೆ ನಮ್ಮ ಮೈಸೂರಿನ ಚಳಿಗಾಲದ ರಾತ್ರಿಯಂಥ ಹವೆ ಸಾಕು. ಹದಿನೈದರಿಂದ ಇಪ್ಪತ್ತೆರಡು ಡಿಗ್ರಿಯಲ್ಲಿ ಕೆಲವೇ ದಿನಗಳಲ್ಲಿ ಅದು ಬುರುಬುರು ಉಕ್ಕುತ್ತದೆ. ತೊಟ್ಟಿಯ ಮೇಲೆ ಕೆನೆಬಣ್ಣದ ದಪ್ಪ ನೊರೆ ಕಟ್ಟುತ್ತದೆ, ಆ ನೊರೆಯಲ್ಲೇ ಯೀಸ್ಟ್ ತೇಲುತ್ತಿರುತ್ತದೆ, ಮಾಗಿದ ಹಣ್ಣಿನ ವಾಸನೆ ಏಳುತ್ತದೆ. ಲಾಗರ್ ಯೀಸ್ಟಿನದು ನಿಧಾನದ ಸ್ವಭಾವ. ಹತ್ತು ಡಿಗ್ರಿಯ ಆಸುಪಾಸಿನಲ್ಲಿ ಸದ್ದಿಲ್ಲದೆ ಕೆಲಸ ಮುಗಿಸಿ ತಳಕ್ಕೆ ಇಳಿದು ಕೂರುತ್ತದೆ. ಆಮೇಲೆ ವಾರಗಟ್ಟಲೆ ಇನ್ನೂ ತಣ್ಣಗೆ ಇಟ್ಟರೆ ಬಿಯರ್ ತಿಳಿಯಾಗಿ, ನುಣುಪಾಗಿ ಬರುತ್ತದೆ.

ಜಾಕ್ಸನ್ ಮೊದಲ ಕೊಯ್ತವನ್ನು ಇಲ್ಲಿ ಹಾಕಿದ್ದು ಸರಿಯಾಗಿತ್ತು. ಕೋಪನ್‌ಹೇಗನ್‌ನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಎಮಿಲ್ ಕ್ರಿಶ್ಚಿಯನ್ ಹಾನ್ಸನ್ 1883ರಲ್ಲಿ ಲಾಗರ್ ಯೀಸ್ಟಿನ ಒಂದೇ ಕೋಶದಿಂದ ಶುದ್ಧ ತಳಿ ಬೆಳೆಸಿದ್ದರು. ಲಾಗರ್ ಯೀಸ್ಟ್ ಒಂದು ಬೆರಕೆ ಜೀವ, ಏಲ್ ಯೀಸ್ಟೂ ಚಳಿ ತಡೆಯುವ ಒಂದು ಕಾಡು ಯೀಸ್ಟೂ ಕೂಡಿ ಹುಟ್ಟಿದ್ದು ಎಂಬುದು ಆಮೇಲೆ ತಿಳಿಯಿತು. ಆ ಕಾಡು ಯೀಸ್ಟ್ ದಕ್ಷಿಣ ಅಮೆರಿಕದ ಪ್ಯಾಟಗೋನಿಯಾದ ಕಾಡಿನಲ್ಲಿ ಸಿಕ್ಕ ಸುದ್ದಿ ಹೊರಬಂದದ್ದು 2011ರಲ್ಲಿ. ನಾಲಿಗೆ, ಕಣ್ಣು, ಬ್ರೂವರಿ ಕೆಲಸಗಾರರ ಮಾತು ಇಷ್ಟನ್ನೇ ನಂಬಿ ಎಳೆದ ಗೆರೆ ಜೀವಕೋಶದ ಒಳಗೂ ಇತ್ತು.

ಎರಡನೆಯ ವರ್ಗದಲ್ಲಿ ಮಾತ್ರ ಅಳತೆಗೋಲೇ ಬದಲಾಗುತ್ತದೆ. ಒಂದು ಮತ್ತು ಮೂರನೆಯ ವರ್ಗಗಳನ್ನು ಯೀಸ್ಟಿನಿಂದ ವಿಂಗಡಿಸಿ, ನಡುವಿನದನ್ನು ಕಾಳಿನಿಂದ ವಿಂಗಡಿಸಿದ್ದಾರೆ. ತರ್ಕಕ್ಕೆ ಇದು ಒಪ್ಪದು. ಆದರೆ ಹೀಗೆ ಮಾಡಿದವರಲ್ಲಿ ಅವರು ಮೊದಲಿಗರಲ್ಲ.

ನಾಲ್ಕು ಶತಮಾನ ಮೊದಲು

ಹೈನ್ರಿಖ್ ಕ್ನೌಸ್ಟ್ ಎಂಬ ಜರ್ಮನ್ ಕಾನೂನು ಪಂಡಿತ 1575ರಲ್ಲಿ ಎರ್ಫರ್ಟ್ ನಗರದಲ್ಲಿ ಬಿಯರ್ ಕುರಿತು ಐದು ಭಾಗಗಳ ಪುಸ್ತಕ ಅಚ್ಚು ಹಾಕಿಸಿದ. ಅದರಲ್ಲಿ ನೂರೈವತ್ತರಷ್ಟು ಬಿಯರುಗಳಿವೆ. ಅವನ ವಿಂಗಡಣೆ ಬಲು ಸರಳ: ಗೋಧಿಯಿಂದ ಮಾಡಿದ ಬಿಳಿ ಬಿಯರ್, ಬಾರ್ಲಿಯಿಂದ ಮಾಡಿದ ಕೆಂಪು ಬಿಯರ್. ಬಿಳಿಯವುಗಳಿಗೆ ಹ್ಯಾಂಬರ್ಗಿನದು ರಾಣಿ, ಕೆಂಪಿನವುಗಳಿಗೆ ಡಾನ್‌ಜಿಗ್‌ನದು ರಾಣಿ. ಅದರ ಕೆಳಗೆ ಊರೂರುಗಳ ಸಾಲು: ಬ್ರೌನ್‌ಶ್ವೈಗಿನ ಮುಮ್ಮೆ, ಗೋಸ್ಲಾರಿನ ಗೋಸೆ, ಹ್ಯಾನೋವರಿನ ಬ್ರೋಯ್‌ಹಾನ್. ಯಾವ ಊರಿನದು ಹೊಟ್ಟೆಗೆ ಹಿತ, ಯಾವುದು ತಲೆಗೇರುತ್ತದೆ ಎಂಬ ವಿಚಾರವೂ ಇದೆ. ನಮ್ಮಲ್ಲಿ ಬದನೆಕಾಯಿ ನಂಜು, ಪರಂಗಿ ಉಷ್ಣ, ಸೌತೆ ಶೀತ ಎಂದು ಅಡುಗೆಮನೆಯಲ್ಲೇ ನಡೆಯುವ ವರ್ಗೀಕರಣದ ಹಾಗೆ.

ಕ್ನೌಸ್ಟನ ಕೈಯಲ್ಲಿ ಉಷ್ಣಮಾಪಕ ಇರಲಿಲ್ಲ. ಯೀಸ್ಟ್ ಒಂದು ಜೀವಿ ಎಂದು ತಿಳಿಯಲು ಇನ್ನೂ ಎರಡೂವರೆ ಶತಮಾನಕ್ಕೂ ಹೆಚ್ಚು ಕಾಲ ಬಾಕಿಯಿತ್ತು. ಅವನಿಗೆ ಕಾಣುತ್ತಿದ್ದುದು ಕಾಳು, ಬಣ್ಣ ಮತ್ತು ಊರು. ಕಂಡದ್ದರಿಂದಲೇ ಅವನು ವರ್ಗ ಮಾಡಿದ. ಒಂದು ಊರಿನ ಬಿಯರ್ ಆ ಊರಿನ ನೀರು, ಆ ಊರಿನ ಕಾಳು, ಆ ಊರಿನ ಕಾಯಿದೆಗೆ ಕಟ್ಟುಬಿದ್ದು ಹುಟ್ಟುತ್ತಿದ್ದಾಗ ಊರ ಹೆಸರನ್ನು ಮೀರಿದ ವಿವರಣೆ ಬೇಕಾಗಿಯೂ ಇರಲಿಲ್ಲ. ಗೋಧಿ ಬಿಯರಿಗೆ ಪ್ರತ್ಯೇಕ ಪಂಕ್ತಿ ಹಾಕುವ ಅಭ್ಯಾಸ ಹೀಗೆ ಬಹಳ ಹಳೆಯದು. ನಾಲ್ಕು ಶತಮಾನದ ನಂತರ ಜಾಕ್ಸನ್ ತರ್ಕ ಬಿಟ್ಟು ಅದನ್ನೇ ಉಳಿಸಿಕೊಂಡದ್ದು ನನಗೆ ತಪ್ಪೆಂದು ಕಾಣುವುದಿಲ್ಲ. ಗೋಧಿ ಬಿಯರನ್ನು ಒಮ್ಮೆ ಕುಡಿದವರಿಗೆ ಅದರ ಮಬ್ಬು ಬಣ್ಣ, ಹುಳಿಯ ಎಳೆ, ಗ್ಲಾಸಿನಿಂದ ಎದ್ದುನಿಲ್ಲುವ ನೊರೆ ಎಲ್ಲ ಸೇರಿ ಅದು ಬೇರೆಯೇ ಮನೆತನ ಎಂದು ಅನ್ನಿಸಿಯೇ ಅನ್ನಿಸುತ್ತದೆ.

ಊರ ಹೆಸರು ಸಾಲದಾದದ್ದು ಬಿಯರ್ ಪ್ರಯಾಣ ಹೊರಟ ಮೇಲೆ. ಅದಕ್ಕೆ ಪಿಲ್ಸೆನ್ ಕಥೆಗಿಂತ ಸ್ಪಷ್ಟ ಉದಾಹರಣೆ ಇನ್ನೊಂದಿಲ್ಲ. 1842ರ ಅಕ್ಟೋಬರ್ 5ರಂದು ಬವೇರಿಯಾದಿಂದ ಬಂದ ಯೋಸೆಫ್ ಗ್ರೋಲ್, ಪಿಲ್ಸೆನ್ ಪೌರರು ಸೇರಿ ಕಟ್ಟಿದ ಬ್ರೂವರಿಯಲ್ಲಿ ಮೊದಲ ಬಾರಿ ಬಿಯರ್ ಬೇಯಿಸಿದ. ತಿಳಿ ಮಾಲ್ಟು, ಸಾಟ್ಸ್ ಪ್ರದೇಶದ ಹಾಪ್ಸ್, ಆ ಊರಿನ ಬಲು ಮೃದುವಾದ ನೀರು, ತಳದಲ್ಲಿ ಹುದುಗುವ ಯೀಸ್ಟ್. ಬಂದದ್ದು ಹೊನ್ನಿನ ಬಣ್ಣದ ತಿಳಿ ಬಿಯರ್. ರೈಲು ಹಳಿಗಳ ಜೊತೆ ಅದರ ಹೆಸರೂ ಹಬ್ಬಿತು, ಹೆಸರಿನ ಹಿಂದೆ ನಕಲೂ ಹಬ್ಬಿತು. ಬ್ರೂವರಿಯವರು 1859ರಲ್ಲಿ ಪಿಲ್ಸ್‌ನರ್ ಬಿಯರ್ ಎಂಬ ಹೆಸರನ್ನು ನೋಂದಾಯಿಸಿದರು. 1898ರಲ್ಲಿ 'ಉರ್ಕ್ವೆಲ್', ಎಂದರೆ 'ಮೂಲ ಒರತೆ', ಎಂಬ ಗುರುತನ್ನು ಸೇರಿಸಿದರು. ಮ್ಯೂನಿಕ್‌ನ ಥಾಮಸ್‌ಬ್ರಾಯ್ ಬ್ರೂವರಿ ತನ್ನ ತಿಳಿ ಬಿಯರನ್ನು ಪಿಲ್ಸ್‌ನರ್ ಎಂದು ಮಾರಿದ್ದಕ್ಕೆ ದಾವೆ ಹೂಡಿದರು. 1899ರಲ್ಲಿ ಜರ್ಮನ್ ನ್ಯಾಯಾಲಯ ಅವರಿಗೆ ವಿರುದ್ಧವಾಗಿ ತೀರ್ಪು ಕೊಟ್ಟಿತು: ಪಿಲ್ಸ್‌ನರ್ ಈಗ ಎಲ್ಲಿ ಹುಟ್ಟಿತು ಎಂಬುದನ್ನು ಹೇಳುವ ಮಾತಲ್ಲ, ಹೇಗಿದೆ ಎಂಬುದನ್ನು ಹೇಳುವ ಮಾತು.

ಜಾಕ್ಸನ್ ಬರೆಯುವ ಮುಕ್ಕಾಲು ಶತಮಾನಕ್ಕೆ ಮೊದಲೇ ಶೈಲಿ ಎಂಬ ಕಲ್ಪನೆ ಹೀಗೆ ಕೋರ್ಟಿನ ಕಟಕಟೆಯಲ್ಲಿ ನಿಂತಿತ್ತು. ಅದಕ್ಕೆ ಸಾಮಾನ್ಯ ಓದುಗನಿಗೆ ದಕ್ಕುವ ಹೆಸರು ಮಾತ್ರ ಸಿಕ್ಕಿರಲಿಲ್ಲ.

ಅಳೆದರೆ ಬದಲಾಗುವ ವಸ್ತು

ನಡುವೆ ಇನ್ನೊಂದು ದಾರಿಯ ವರ್ಗೀಕರಣವೂ ಬೆಳೆದಿತ್ತು, ಅಳತೆಯದು. ಇಂಗ್ಲೆಂಡಿನ ಜಾನ್ ರಿಚರ್ಡ್‌ಸನ್ 1784ರಲ್ಲಿ ಸಿಹಿರಸದ ಸಾಂದ್ರತೆ ಅಳೆಯುವ ಸ್ಯಾಕರೋಮೀಟರ್ ಬಳಕೆಯನ್ನು ವಿವರಿಸಿ ಬರೆದ. ಉಪಕರಣ ನೋಡಲು ಏನೂ ಅಲ್ಲ: ತಳದಲ್ಲಿ ಭಾರ, ಮೇಲೆ ಗೀಟು ಹಾಕಿದ ತೆಳುವಾದ ಕಡ್ಡಿ. ಬರಿ ನೀರಿನಲ್ಲಿ ಬಿಟ್ಟರೆ ಆಳಕ್ಕೆ ಇಳಿಯುತ್ತದೆ, ಸಿಹಿರಸದಲ್ಲಿ ಬಿಟ್ಟರೆ ಎದ್ದುನಿಲ್ಲುತ್ತದೆ. ಎಷ್ಟು ಎದ್ದಿತೋ ಅಷ್ಟು ಸಕ್ಕರೆ.

ಲಂಡನ್ನಿನಲ್ಲಿ ಪೋರ್ಟರ್ ಎಂಬ ಕಪ್ಪು ಬಿಯರ್ ಮಾಡುವವರು ಈ ಕಡ್ಡಿಯನ್ನು ಅದ್ದಿ ನೋಡಿದಾಗ ಒಂದು ಸತ್ಯ ಹೊರಬಿತ್ತು. ಅವರು ತಲೆಮಾರಿನಿಂದ ಬಳಸುತ್ತಿದ್ದ ಕಂದು ಮಾಲ್ಟು ಬೆಲೆಯಲ್ಲಿ ಅಗ್ಗವಾದರೂ ಅದರಿಂದ ಬರುವ ಸಕ್ಕರೆ ತಿಳಿ ಮಾಲ್ಟಿಗಿಂತ ಬಹಳ ಕಡಿಮೆ. ಎಲ್ಲರೂ ತಿಳಿ ಮಾಲ್ಟಿನ ಕಡೆ ತಿರುಗಿದರು. ಆದರೆ ಪೋರ್ಟರ್ ಕಪ್ಪಗಿರಬೇಕಲ್ಲ? 1817ರಲ್ಲಿ ಡೇನಿಯಲ್ ವ್ಹೀಲರ್ ಕಾಫಿ ಬೀಜ ಹುರಿಯುವಂಥ ಉರುಳೆಯಲ್ಲಿ ಮಾಲ್ಟನ್ನು ಕಪ್ಪಾಗಿ ಹುರಿಯುವ ವಿಧಾನಕ್ಕೆ ಪೇಟೆಂಟ್ ಪಡೆದ. ಚಿಟಿಕೆಯಷ್ಟು ಹಾಕಿದರೆ ಸಾಕು, ಬಣ್ಣ ಬಂತು. ಹೆಸರು ಪೋರ್ಟರ್ ಎಂದೇ ಉಳಿಯಿತು, ಒಳಗಿನ ವಸ್ತು ಬೇರೆಯಾಯಿತು. 1780ರ ಪೋರ್ಟರನ್ನೂ 1830ರ ಪೋರ್ಟರನ್ನೂ ಒಂದೇ ಶೈಲಿ ಎನ್ನಬಹುದೇ?

ಶೈಲಿಯ ಪಟ್ಟಿಗಳು ತಡವರಿಸುವುದು ಇಲ್ಲೇ. ಅವು ಬಿಯರಿನ ಒಂದು ಕ್ಷಣದ ಚಿತ್ರ ತೆಗೆದು, ಅದು ಯಾವಾಗಲೂ ಹಾಗೇ ಇತ್ತು ಎಂಬ ಭಾವನೆ ಹುಟ್ಟಿಸುತ್ತವೆ. ರಾಲ್ಫ್ ಹಾರ್ವುಡ್ ಎಂಬಾತ 1722ರಲ್ಲಿ ಒಂದೇ ದಿನದಲ್ಲಿ ಪೋರ್ಟರನ್ನು ಕಂಡುಹಿಡಿದ ಎಂಬ ಕಥೆ ಬಹುಕಾಲ ಪುಸ್ತಕದಿಂದ ಪುಸ್ತಕಕ್ಕೆ ಹಾರುತ್ತ ಬಂದದ್ದು ಇದೇ ಕಾರಣಕ್ಕೆ. ಮಾರ್ಟಿನ್ ಕಾರ್ನೆಲ್ ಅವರಂಥ ಇತಿಹಾಸಕಾರರು ಹಳೆಯ ದಾಖಲೆ ತೆರೆದು ಕೂತ ಮೇಲೆ ಆ ಕಥೆ ನಿಲ್ಲಲಿಲ್ಲ.

ಎಲ್ಲಿ ಬಿಗಿಯಿತು, ಎಲ್ಲಿ ಸಡಿಲವಾಯಿತು

ಜಾಕ್ಸನ್ ಅವರ ಮೂರು ವರ್ಗಗಳ ನಡುವೆ ಕೆಲವು ಬಿಯರುಗಳು ಮೊದಲಿನಿಂದಲೂ ಅಡ್ಡಾದಿಡ್ಡಿ ನಿಂತಿವೆ. ಕೊಲೋನಿನ ಕೋಲ್ಶ್ ಮೇಲೆ ಹುದುಗುವ ಯೀಸ್ಟಿನದು, ಆದರೆ ಲಾಗರಿನಂತೆ ತಣ್ಣಗೆ ಮಾಗಿಸುತ್ತಾರೆ. ಸ್ಯಾನ್ ಫ್ರಾನ್ಸಿಸ್ಕೋದ ಸ್ಟೀಮ್ ಬಿಯರ್ ಅದಕ್ಕೆ ತಿರುಗುಮುರುಗು, ಲಾಗರ್ ಯೀಸ್ಟನ್ನು ಬೆಚ್ಚಗೆ ದುಡಿಸುತ್ತದೆ. ಬ್ರಸೆಲ್ಸ್ ಸುತ್ತಿನ ಲ್ಯಾಂಬಿಕ್‌ಗೆ ಯಾರೂ ಯೀಸ್ಟ್ ಹಾಕುವುದೇ ಇಲ್ಲ. ಕುದಿಸಿದ ರಸವನ್ನು ರಾತ್ರಿಯಿಡೀ ಅಗಲವಾದ, ಆಳವಿಲ್ಲದ ತೊಟ್ಟಿಯಲ್ಲಿ ತೆರೆದಿಟ್ಟರೆ ಗಾಳಿಯಲ್ಲೂ ಪೀಪಾಯಿಯ ಮರದಲ್ಲೂ ಇರುವ ಜೀವಿಗಳು ಒಂದೆರಡು ವರ್ಷ ಹಿಡಿದು ಕೆಲಸ ಮಾಡುತ್ತವೆ. ಅದರಲ್ಲಿ ಗೋಧಿ ಇದೆ ಎಂಬ ಒಂದೇ ಕಾರಣಕ್ಕೆ ಮೂರರಲ್ಲಿ ಅದಕ್ಕೊಂದು ಜಾಗ ಸಿಗುತ್ತದೆ.

ಇದಕ್ಕಿಂತ ಆಳದ ತೊಡಕು 'ಮಾದರಿಯನ್ನು ಮತ್ತೆ ಮಾಡುವ ಉದ್ದೇಶ' ಎಂಬ ಮಾತಿನಲ್ಲಿದೆ. ಉದ್ದೇಶ ನಾಲಿಗೆಗೆ ಸಿಗುವುದಿಲ್ಲ. ಮಾದರಿಯೇ ಸತ್ತುಹೋಗಿದ್ದರೆ?

ಗೋಸೆಯನ್ನೇ ನೋಡಿ. ಗೋಸ್ಲಾರಿನ ಗೋಸೆ ನದಿಯಿಂದ ಹೆಸರು ಪಡೆದ ಈ ಹುಳಿ, ತುಸು ಉಪ್ಪು, ಕೊತ್ತಂಬರಿ ಬೀಜದ ಗೋಧಿ ಬಿಯರ್ ಹದಿನೆಂಟನೆಯ ಶತಮಾನದಲ್ಲಿ ಲೈಪ್ಜಿಗ್ ಸೇರಿ ಅಲ್ಲಿಯದೇ ಆಗಿಬಿಟ್ಟಿತು. 1966ರಲ್ಲಿ ಅಲ್ಲಿ ಅದನ್ನು ಮಾಡುವುದು ನಿಂತಿತು. 1977ರಲ್ಲಿ ಜಾಕ್ಸನ್ ಪುಸ್ತಕ ಬಂದಾಗ ಭೂಮಿಯ ಮೇಲೆ ಗ್ಲಾಸಿಗೆ ಸುರಿದು ತೋರಿಸಲು ಗೋಸೆಯೇ ಇರಲಿಲ್ಲ. 1980ರ ದಶಕದಲ್ಲಿ ಲೋಥರ್ ಗೋಲ್ಡ್‌ಹಾನ್ ಎಂಬುವರು ಲೈಪ್ಜಿಗ್‌ನ 'ಓನೆ ಬೆಡೆಂಕೆನ್' ಎಂಬ ಹಳೆಯ ಗೋಸೆ ಮನೆಯನ್ನು ಮತ್ತೆ ತೆರೆದು ಬಿಯರನ್ನೂ ಮತ್ತೆ ಮಾಡಿಸಿದರು. ಆ ಹೊತ್ತಿಗೆ ಅದಕ್ಕೆ ಸಾಕ್ಷಿ ಎಂದರೆ ಕುಡಿದ ನೆನಪಿದ್ದ ಹಿರಿಯರು ಮತ್ತು ಅಳಿದುಳಿದ ಬರವಣಿಗೆ. ಈಗ ಅಮೆರಿಕದಲ್ಲಿ ಗೋಸೆ ಮಾಡುವ ಎಷ್ಟೋ ಜನ ಲೈಪ್ಜಿಗ್ ನೋಡಿದವರಲ್ಲ. ಅವರ ಮುಂದಿರುವ ಮಾದರಿ ಕಾಗದದ ಮೇಲಿನ ವಿವರಣೆ. ಅಜ್ಜಿ ಇಲ್ಲದ ಮನೆಯಲ್ಲಿ ಅಡುಗೆ ಪುಸ್ತಕವೇ ಅಜ್ಜಿಯಾಗುತ್ತದೆ. ಅದರಲ್ಲಿ ನಷ್ಟ ಇದೆ, ನಿಜ. ಆದರೆ ಆ ಪುಸ್ತಕ ಇಲ್ಲದಿದ್ದರೆ ಸಾರು ಸಂಪೂರ್ಣ ಮರೆತೇಹೋಗುತ್ತಿತ್ತು.

ಬರೆದದ್ದು ಬಿಯರಾಗಿ ಎದ್ದುಬಂದ ಉದಾಹರಣೆ ಜಾಕ್ಸನ್ ಅವರ ಪುಸ್ತಕದಿಂದಲೇ ಇದೆ. ಓಟ್ಸ್ ಹಾಕಿದ ಸ್ಟೌಟ್ ಎಂಬ ಕಪ್ಪು ಬಿಯರ್ ಬ್ರಿಟನ್ನಿನಲ್ಲಿ ಕಾಣದಾಗಿತ್ತು. ಅವರ ಬರಹದಲ್ಲಿ ಅದರ ಪ್ರಸ್ತಾಪ ಓದಿದ ಅಮೆರಿಕದ ಆಮದುದಾರ ಚಾರ್ಲ್ಸ್ ಫಿಂಕೆಲ್ ಯಾರ್ಕ್‌ಷೈರಿನ ಸ್ಯಾಮ್ಯುಯೆಲ್ ಸ್ಮಿತ್ ಬ್ರೂವರಿಗೆ ಇದನ್ನು ಮಾಡಿಕೊಡಿ ಎಂದು ಕೇಳಿದರು. 1980ರಲ್ಲಿ ಅದು ಬಾಟಲಿಯಲ್ಲಿ ಬಂತು. ಇಂದು ಓಟ್‌ಮೀಲ್ ಸ್ಟೌಟ್‌ಗೆ ಎಲ್ಲ ಪಟ್ಟಿಗಳಲ್ಲೂ ಜಾಗವಿದೆ.

ಪುಸ್ತಕದಿಂದ ಅಂಕಪಟ್ಟಿಗೆ

ಅಮೆರಿಕದಲ್ಲಿ ಮನೆಯಲ್ಲಿ ಬಿಯರ್ ಮಾಡಿಕೊಳ್ಳಲು ಅನುಮತಿ ಕೊಡುವ ಕಾಯಿದೆಗೆ 1978ರ ಅಕ್ಟೋಬರಿನಲ್ಲಿ ಅಧ್ಯಕ್ಷ ಕಾರ್ಟರ್ ಸಹಿ ಹಾಕಿದರು. ಮನೆಮನೆಯ ಬ್ರೂವರ್‌ಗೆ ಏನು ಮಾಡುವುದು ಎಂಬ ಪ್ರಶ್ನೆ ಬಂದಾಗ ಜಾಕ್ಸನ್ ಅವರ ಪುಸ್ತಕ ಕೈಗೆಟುಕುವಷ್ಟರಲ್ಲಿತ್ತು. ಅವರ ವರ್ಣನೆಗಳಲ್ಲಿ ಅಂಕಿ ಇರಲಿಲ್ಲ. ಒರೆಗಾನ್‌ನ ಫ್ರೆಡ್ ಎಕ್‌ಹಾರ್ಟ್ 1989ರಲ್ಲಿ ಶೈಲಿಗಳ ಕುರಿತೇ ಒಂದು ಪುಸ್ತಕ ತಂದು ಸಾಂದ್ರತೆ, ಕಹಿ, ಬಣ್ಣ ಎಲ್ಲಕ್ಕೂ ಸಂಖ್ಯೆ ಕೊಟ್ಟರು. ರಿಚರ್ಡ್‌ಸನ್ನನ ಕಡ್ಡಿ ಮತ್ತೆ ತೊಟ್ಟಿಗೆ ಇಳಿಯಿತು. 1985ರಲ್ಲಿ ಸ್ಪರ್ಧೆಯ ತೀರ್ಪುಗಾರರಿಗೆ ಪರೀಕ್ಷೆ ನಡೆಸುವ ಬಿಜೆಸಿಪಿ (ಬಿಯರ್ ಜಡ್ಜ್ ಸರ್ಟಿಫಿಕೇಶನ್ ಪ್ರೋಗ್ರಾಂ) ಎಂಬ ಸಂಸ್ಥೆ ಹುಟ್ಟಿತು. ಈಗ ಅದರ ಮಾರ್ಗಸೂಚಿಯಲ್ಲಿ ಬಿಯರಿಗೆ 34 ವಿಭಾಗಗಳಿವೆ, ಪ್ರತಿಯೊಂದರ ಒಳಗೂ ಉಪವಿಭಾಗಗಳು.

ತೀರ್ಪುಗಾರನ ಹಾಳೆ ಐವತ್ತು ಅಂಕದ್ದು: ಪರಿಮಳಕ್ಕೆ 12, ನೋಟಕ್ಕೆ 3, ರುಚಿಗೆ 20, ಬಾಯಿಗೆ ತಾಕುವ ಹದಕ್ಕೆ 5, ಒಟ್ಟು ಅನಿಸಿಕೆಗೆ 10. ಎದುರಿಗಿರುವ ಗ್ಲಾಸಿನಲ್ಲಿ ಎರಡನೆಯ ಸುತ್ತು ಕೇಳುವಷ್ಟು ಸೊಗಸಾದ ಬಿಯರ್ ಇರಬಹುದು. ಅದನ್ನು ಪಿಲ್ಸ್‌ನರ್ ಎಂದು ಕಳಿಸಿದ್ದರೆ, ಅದರಲ್ಲಿ ಹಣ್ಣಿನ ವಾಸನೆ ಎದ್ದಿದ್ದರೆ, ಅಂಕ ಕಡಿಯಲೇಬೇಕು. ಭೇದಗಳು ಪೂರ್ಣವಲ್ಲ ಎಂದು ಜಾಕ್ಸನ್ ಬರೆದ ಸಾಲು ಆ ಹಾಳೆಯ ಮೇಲೆ ಹಿಡಿಸುವುದಿಲ್ಲ. ನನಗೆ ಈ ಪ್ರಕರಣದಲ್ಲಿ ಬೇಸರವಾಗುವುದು ಅದೊಂದಕ್ಕೆ. ಉಳಿಸಲು ಬರೆದದ್ದನ್ನು ಕಡಿಯಲು ಬಳಸುವುದು ಅದರ ಸ್ವಭಾವಕ್ಕೆ ಒಗ್ಗದು.

ಕೋಲ್ಶ್ ಹಿಡಿದ ದಾರಿ ಪಿಲ್ಸ್‌ನರಿನದಕ್ಕೆ ಪೂರ್ತಿ ಎದುರು. ಕೊಲೋನಿನ ಬ್ರೂವರಿಗಳು ಒಗ್ಗಟ್ಟಾಗಿ ನಿಂತು ಹೆಸರನ್ನು ಕಾಪಾಡಿಕೊಂಡವು. 1997ರಲ್ಲಿ ಯುರೋಪಿಯನ್ ಒಕ್ಕೂಟ ಅದಕ್ಕೆ ನಂಜನಗೂಡು ರಸಬಾಳೆಗಿರುವಂಥ ಭೌಗೋಳಿಕ ರಕ್ಷಣೆ ಕೊಟ್ಟಿತು. ಜಾಕ್ಸನ್ ಅವರ ಲೆಕ್ಕದಲ್ಲಿ, ಕೊಲೋನಿನ ಮಾದರಿಯನ್ನು ಮನಸ್ಸಿನಲ್ಲಿಟ್ಟು ಶ್ರದ್ಧೆಯಿಂದ ಮಾಡಿದವನು ಎಲ್ಲೇ ಇದ್ದರೂ ಆ ಶೈಲಿಯವನು. ಕೊಲೋನಿನ ಲೆಕ್ಕದಲ್ಲಿ ಅವನದು ಕೋಲ್ಶೇ ಅಲ್ಲ.

ಬೆಂಗಳೂರಿನಲ್ಲಿ ಮೈಕ್ರೋಬ್ರೂವರಿಗಳು ಶುರುವಾಗಿ ಒಂದೂವರೆ ದಶಕ ದಾಟಿದೆ. ಹೋದ ವರ್ಷ ಅಂಥ ಒಂದರಲ್ಲಿ ಕೂತಿದ್ದಾಗ ಕೌಂಟರಿನ ಹಿಂದಿನ ಕರಿಹಲಗೆಯ ಮೇಲೆ ಆವತ್ತಿನ ಬಿಯರುಗಳ ಹೆಸರು ಬರೆಯುತ್ತಿದ್ದರು. ಬ್ರೂವರ್ ಹುಡುಗ ಹಾಸನದ ಕಡೆಯವನು. 'ಕೋಲ್ಶ್' ಎಂದು ಬರೆದು ಸ್ವಲ್ಪ ಹೊತ್ತು ನಿಂತ.

"ಏನಪ್ಪಾ, ಏನಾಯ್ತು?" ಎಂದು ಕೇಳಿದೆ.

"ನೀರು ನಮ್ದು ಸರ್, ಮಾಲ್ಟು ಜರ್ಮನೀದು, ಯೀಸ್ಟು ಅಲ್ಲಿಯದೇ ಪ್ಯಾಕೆಟ್ಟು. ಹದಿನೈದು ಡಿಗ್ರಿಲಿ ಹುದುಗ್ಸಿ ಮೂರು ವಾರ ತಣ್ಣಗೆ ಇಟ್ಟಿದ್ದೀನಿ. ಆದ್ರೂ ಊರು ಅದಲ್ವಲ್ಲ."

ಚಾಕ್‌ಪೀಸು ತೆಗೆದುಕೊಂಡು ಪಕ್ಕದಲ್ಲಿ, ಕೊಂಚ ಸಣ್ಣ ಅಕ್ಷರದಲ್ಲಿ, 'ಶೈಲಿ' ಎಂದು ಸೇರಿಸಿದ.